ಹಳೆಯ ಐ3 ಕಂಪ್ಯೂಟರಿಗೆ ಹೊಸ ಓಎಸ್: ನನ್ನ ಅನುಭವ

‘ಇದನ್ನ ಗುಜರಿಗೆ ಹಾಕ್ರಿ ಸರ್. ನಲವತ್ತು ಸಾವಿರದಾಗ ಛಲೋ ಹೊಸಾದು ಬರ್ತದ’ ಅಂತ ಹುಬ್ಬಳ್ಳಿಯ ಅಂಗಡಿಯವರು ಹೇಳಿದ್ದರು. ವಿಂಡೋಸ್ ತೆಗೆದು ಲಿನಕ್ಸ್ ಎಂಬ ಪುಕ್ಕಟೆ ಓಎಸ್ (ಕಂಪ್ಯೂಟರ್ ನಡೆಸುವ ಮೂಲ ತಂತ್ರಾಂಶ) ಹಾಕಿದ ಮೇಲೆ ಅದೇ ಕಂಪ್ಯೂಟರ್ ಈಗ ಗದಗ-ಬೆಟಗೇರಿಯ ನಮ್ಮ ಮನೆಯಲ್ಲಿ ಅರ್ಧ ನಿಮಿಷದಲ್ಲಿ ತೆರೆದುಕೊಳ್ಳುತ್ತದೆ. ಇಡೀ ಮದುವೆ ಸೀಸನ್ನಿನ ಲಗ್ನಪತ್ರಿಕೆಗಳನ್ನು ಅದರಲ್ಲೇ ಮಾಡಿ ಕೊಟ್ಟೆ. ‘ಲಿನಕ್ಸ್‌ನಾಗ ಕನ್ನಡ ಡಿಟಿಪಿ ಆಗೂದಿಲ್ಲ’ ಎಂದವರೇ ಈಗ ಪೆನ್‌ಡ್ರೈವ್ ಹಿಡಿದು ಬರುತ್ತಿದ್ದಾರೆ.

ಮಷಿನ್ನು ನಾಲ್ಕನೇ ಜನರೇಷನ್ ಐ3, 4 ಜಿಬಿ ರ‍್ಯಾಮ್. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಎಂಟನೇ ಜನರೇಷನ್ನಾದರೂ ಇರಬೇಕು. ಇನ್ನೊಂದು ವರ್ಷ ಭದ್ರತಾ ಅಪ್‌ಡೇಟ್ ಬೇಕೆಂದರೆ 30 ಡಾಲರ್ ಕೊಡಬೇಕಿತ್ತು. ಇಲ್ಲವೇ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್ಸ್ ಸಿಂಕ್ ಮಾಡಬೇಕಿತ್ತು. ಪುಕ್ಕಟೆ ಅಂತ ಕಾಣುತ್ತದೆ, ಆದರೆ ರೊಕ್ಕದ ಬದಲು ನಮ್ಮ ಗುರುತು ಕೊಟ್ಟ ಹಾಗಾಯಿತು ಅಲ್ವಾ?

ಮೊದಲು ರೂಫಸ್ ಎಂಬ ತಂತ್ರಾಂಶದಿಂದ ಟಿಪಿಎಂ ತಪಾಸಣೆ, ಖಾತೆ ಎರಡನ್ನೂ ತಪ್ಪಿಸಿ ವಿಂಡೋಸ್ 11 ಹಾಕಿ ನೋಡಿದೆ. ಕೂತಿತು. ಆದರೆ ಬ್ರೌಸರಿನ ನಾಲ್ಕು ಟ್ಯಾಬ್ ತೆರೆದರೆ ಮೌಸ್ ನಿಂತೇ ಬಿಡುತ್ತಿತ್ತು. ಇಂಥ ಮಷಿನ್ನಿಗೆ ಅಪ್‌ಡೇಟ್ ಬಂದೇ ಬರುತ್ತದೆ ಅನ್ನುವ ಖಾತ್ರಿಯೂ ಇಲ್ಲ. ಜಾಹೀರಾತಿನ ಐಡಿ, ಐಚ್ಛಿಕ ಮಾಹಿತಿ ಎಲ್ಲ ಬಂದ್ ಮಾಡಬಹುದು. ಆದರೆ ‘ಅಗತ್ಯ’ ಎಂದು ಅದು ಕಳಿಸುವ ಡಯಾಗ್ನೋಸ್ಟಿಕ್ ಮಾಹಿತಿಯನ್ನು ಹೋಮ್ ಆವೃತ್ತಿಯಲ್ಲಿ ನಿಲ್ಲಿಸುವ ಸ್ವಿಚ್ಚೇ ಇಲ್ಲ. ಆ ವಿಂಡೋಸನ್ನೇ ತೆಗೆದುಬಿಟ್ಟೆ.

ದಸರೆ ಹೊತ್ತಿಗೆ 240 ಜಿಬಿ ಎಸ್ಎಸ್‌ಡಿ (ವೇಗದ ಡಿಸ್ಕ್) ತಂದೆ, ಸುಮಾರು 1,700 ರೂಪಾಯಿ. ಸೆಕೆಂಡ್ ಹ್ಯಾಂಡ್ 4 ಜಿಬಿ ಡಿಡಿಆರ್3 ರ‍್ಯಾಮ್ 600. ಆಮೇಲೆ ರೇಟು ಏರಿತು, ನನ್ನ ಪುಣ್ಯ. ಹಾಕಿದ್ದು ಲಿನಕ್ಸ್‌ನ ಒಂದು ಬಗೆಯಾದ ಲಿನಕ್ಸ್ ಮಿಂಟ್ 22, ಅದರಲ್ಲೂ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. 2029ರವರೆಗೆ ಬೆಂಬಲ ಇದೆ. ಅರ್ಧ ಇನ್‌ಸ್ಟಾಲ್ ಆಗುವಷ್ಟರಲ್ಲಿ ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಸತ್ತಿತ್ತು. ಅದಕ್ಕೊಂದು 950 ಹೋಯಿತು, ಮತ್ತೆ ಮೊದಲಿಂದ ಶುರು. ಎಲ್ಲ ಸೇರಿ ಮೂರೂಕಾಲು ಸಾವಿರ.

ಡಿಸ್ಕ್ ಪೂರ್ತಿ ಎನ್‌ಕ್ರಿಪ್ಟ್ ಮಾಡಿದೆ, ಅಂದರೆ ಕೀಲಿ ಪದವಿಲ್ಲದೆ ಯಾರೂ ಓದಲಾಗದಂತೆ. ಹೊಸ ವಿಂಡೋಸ್ 11 ಖಾತೆ ಹಾಕಿಸಿಕೊಂಡು ತಾನೇ ಎನ್‌ಕ್ರಿಪ್ಟ್ ಮಾಡಿದರೆ ರಿಕವರಿ ಕೀ ಆ ಖಾತೆಗೆ ಹೋಗುತ್ತದೆ. ಇಲ್ಲಿ ಕೀಲಿ ನನ್ನೊಬ್ಬನದೇ. ಮರೆತರೆ ಬಿಡಿಸಿಕೊಡುವವರು ಯಾರೂ ಇಲ್ಲ. ಅದಕ್ಕೇ ಒಂದು ಚೀಟಿಯಲ್ಲಿ ಬರೆದು ತಿಜೋರಿಯಲ್ಲಿ ಮನೆಪತ್ರದ ಜೊತೆ ಇಟ್ಟಿದ್ದೇನೆ.

ಟೈಪಿಂಗ್ ತಾಪತ್ರಯವೇ ಆಗಲಿಲ್ಲ. ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡ ಗಣಕ ಪರಿಷತ್ತಿನ ಕಗಪ ವಿನ್ಯಾಸ ಇದೆ. ಎಫ್ ಒತ್ತಿದರೆ ಒತ್ತಕ್ಷರ, ನುಡಿ ತಂತ್ರಾಂಶದಲ್ಲಿ ಕೂತ ಕೈಗೆ ಹೊಸದೇನೂ ಇಲ್ಲ. ಕಾಡಿದ್ದು ಹಳೆಯ ಫೈಲುಗಳು. ಹತ್ತು ವರ್ಷದ ಲಗ್ನಪತ್ರಿಕೆಗಳೆಲ್ಲ ನುಡಿ 01 ಇ ಫಾಂಟಿನಲ್ಲಿದ್ದವು. ಎಲ್ಲ ಕಡೆ ನಡೆಯುವ ಅಕ್ಷರ ಸಂಕೇತವಾದ ಯೂನಿಕೋಡಿಗೆ ತಿರುಗಿಸಿದರೆ ಕರ್ನಾಟಕ ಹೋಗಿ ‘ಕನಾರ್ಟಕ’ ಬರುತ್ತಿತ್ತು. ಹಳೆಯ ಫಾಂಟಿನಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಕೂರುತ್ತದೆ, ಯೂನಿಕೋಡಿನಲ್ಲಿ ರ್ ಮೊದಲು ಬರಬೇಕು. ದೀರ್ಘ, ಒತ್ತು ಎರಡೂ ಇದ್ದ ಕಡೆ ಪರಿವರ್ತಕಗಳು ಎಡವುತ್ತವೆ. ಲಿಬ್ರೆ ಆಫೀಸಿನಲ್ಲಿ ಒಂದು ಮ್ಯಾಕ್ರೋ (ಬದಲಾವಣೆಗಳನ್ನು ತಾನೇ ಮಾಡುವ ಪುಟ್ಟ ಪ್ರೋಗ್ರಾಂ) ಬರೆದು ಸರಿಮಾಡಿದೆ. ಯಾವುದರ ನಂತರ ಯಾವುದನ್ನು ಬದಲಿಸಬೇಕು ಅನ್ನುವ ಕ್ರಮದಲ್ಲೇ ಗುಟ್ಟಿದೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ, ಹೊಟ್ಟೆಪಾಡಿನ ಮಾತು.

ತಿರುಗಿಸಲಾಗದ ಡಿಸೈನುಗಳಿಗೆ ವರ್ಚುವಲ್‌ಬಾಕ್ಸಿನಲ್ಲಿ (ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ನಡೆಸುವ ತಂತ್ರಾಂಶ) ವಿಂಡೋಸ್ 10 ಇಟ್ಟಿದ್ದೇನೆ. ಅದಕ್ಕೆ 3 ಜಿಬಿ ರ‍್ಯಾಮ್ ಕೊಟ್ಟೆ, ಅದರ ನೆಟ್‌ವರ್ಕ್ ಕಾರ್ಡನ್ನೇ ತೆಗೆದೆ. ಶೇರ್ಡ್ ಫೋಲ್ಡರಿಗೆ ನೆಟ್ ಬೇಡ, ಫೈಲ್ ಅಲ್ಲಿಂದಲೇ ಹೋಗಿ ಬರುತ್ತದೆ. ಬೆಂಬಲ ನಿಂತರೂ ಈಗ ನನಗೆ ಚಿಂತೆ ಇಲ್ಲ.

ಪ್ರಿಂಟರ್ ಮಾತ್ರ ಜೀವ ತಿಂದಿತು. ಹಳೆಯ ಲೇಸರ್, ಕಂಪನಿಯ ಡ್ರೈವರ್ ಹೊಸ ಮಿಂಟಿನಲ್ಲಿ ಏಳಲೇ ಇಲ್ಲ. ಹವ್ಯಾಸಿಗಳು ಬರೆದ ಡ್ರೈವರ್ ಹಾಕಿದೆ. ಮೊದಮೊದಲು ಅರ್ಧ ಹಾಳೆ ಬಂದು ನಿಲ್ಲುತ್ತಿತ್ತು. ಈಗ ಕಂಪ್ಯೂಟರ್ ತೆರೆದ ಮೇಲೆಯೇ ಪ್ರಿಂಟರ್ ಸ್ವಿಚ್ ಹಾಕುತ್ತೇನೆ, ಪೂರ್ತಿ ಬರುತ್ತದೆ.

ಸುಮ್ನೆ ಕುತೂಹಲಕ್ಕೆ ಹಳೆಯ ಲ್ಯಾಪ್‌ಟಾಪಿನಲ್ಲಿ ಪೈ-ಹೋಲ್ (ಮನೆಯ ಕಂಪ್ಯೂಟರುಗಳು ಯಾವ್ಯಾವ ತಾಣ ಕೇಳುತ್ತವೆ ಅಂತ ತೋರಿಸುವ ತಂತ್ರಾಂಶ) ಕೂರಿಸಿ, ಯಾರೂ ಮುಟ್ಟದಿದ್ದಾಗ ಕಂಪ್ಯೂಟರ್ ಎಲ್ಲೆಲ್ಲಿ ಮಾತಾಡುತ್ತದೆ ಅಂತ ಒಂದೊಂದು ರಾತ್ರಿ ನೋಡಿದೆ. ವಿಂಡೋಸಿನ ಪಟ್ಟಿ ಪುಟಗಟ್ಟಲೆ ಇತ್ತು. ಮಿಂಟಿನದು ಗಡಿಯಾರ ಸರಿಮಾಡಿಕೊಳ್ಳುವುದು, ನೆಟ್ ಇದೆಯೇ ಅಂತ ನೋಡುವುದು, ಅಪ್‌ಡೇಟ್ ಕೇಳುವುದು, ಅಷ್ಟೇ. ಆದರೆ ಬೆಳಿಗ್ಗೆ ಮಗಳು ಕ್ರೋಮ್ ತೆರೆದು ಜಿಮೇಲಿಗೆ, ಯೂಟ್ಯೂಬಿಗೆ ಲಾಗಿನ್ ಆದದ್ದೇ ಪಟ್ಟಿ ಮತ್ತೆ ಉದ್ದವಾಯಿತು. ಓಎಸ್ ಬದಲಿಸಿದರೆ ಅರ್ಧ ಕೆಲಸ ಮಾತ್ರ. ಈಗ ನನ್ನ ಕೆಲಸ ಫೈರ್‌ಫಾಕ್ಸಿನಲ್ಲಿ, ಅವಳಿಗೆ ಬೇರೆ ಯೂಸರ್ ಮಾಡಿಕೊಟ್ಟಿದ್ದೇನೆ.

ಲೆಕ್ಕದ ಟ್ಯಾಲಿ ತಂತ್ರಾಂಶ, ಡಿಜಿಟಲ್ ಸಹಿಯ ಟೋಕನ್ ದಿನಾ ಬೇಕಾದವರು ಈ ದಾರಿಗೆ ಬರಬೇಡಿ, ಹೊಸ ಮಷಿನ್ನೇ ತಗೊಳ್ಳಿ. ಟೈಪಿಂಗ್, ಬ್ಯಾಂಕು, ಮಕ್ಕಳ ಓದು ಇಷ್ಟೇ ಆದರೆ ಎಸ್ಎಸ್‌ಡಿ ಕೊಳ್ಳುವ ಮೊದಲು ಪೆನ್‌ಡ್ರೈವಿನಿಂದಲೇ ಮಿಂಟ್ ಓಡಿಸಿ, ನಿಮ್ಮ ಪ್ರಿಂಟರ್ ಏಳುತ್ತದೋ ಇಲ್ಲವೋ ನೋಡಿಕೊಳ್ಳಿ.