ಸಾಕೆ, ಶೋಚು, ಉಮೆಶು: ನಾನು ಕಾಕ್‌ಟೇಲ್ ಬೆರೆಸುವ ಬಗೆ

ದಕ್ಷಿಣ ಜಪಾನಿನ ಕಾಗೋಶಿಮಾದಲ್ಲಿ ನೆಲೆಸಿದ ಮೇಲೆ, ಮನೆಗೆ ಬರುವ ಗೆಳೆಯರಿಗಾಗಿ ಜಪಾನಿನ ಸಾಂಪ್ರದಾಯಿಕ ಮದ್ಯಗಳಿಂದ ಕಾಕ್‌ಟೇಲ್ ಬೆರೆಸುವುದನ್ನು ರೂಢಿಸಿಕೊಂಡೆ. ಗ್ಲಾಸಿನಲ್ಲಿ ಯಾವ ಮದ್ಯಕ್ಕೆ ಯಾವ ಸ್ಥಾನ ಎಂಬುದನ್ನು ನಿರ್ಧರಿಸುವುದೇ ಇದರಲ್ಲಿ ಅರ್ಧ ಕೆಲಸ. ಅಕ್ಕಿಯನ್ನು ಹುದುಗಿಸಿ ತಯಾರಿಸುವ ಸಾಕೆಯಲ್ಲಿ ಮದ್ಯಸಾರ ಸಾಮಾನ್ಯವಾಗಿ ಶೇ 15–16ರಷ್ಟು ಮಾತ್ರ. ಜಿನ್ನಿನ ಬದಲಿಗೆ ಅದನ್ನೇ ಸುರಿದು ಐಸಿನೊಂದಿಗೆ ಕುಲುಕಿದರೆ ರುಚಿ ನೀರಾಗುತ್ತದೆ. ಜಿನ್ನಿಗೆ ಬೆರೆಸುವ, ಗಿಡಮೂಲಿಕೆಗಳ ಪರಿಮಳದ ವೈನ್ ಆದ ವರ್ಮೌತ್‌ನ ಬಲ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಸಾಕೆಗೆ ನಾನು ಆ ಸ್ಥಾನವನ್ನು ಕೊಡುತ್ತೇನೆ. 45 ಮಿ.ಲೀ. ಜಿನ್ನಿಗೆ 20 ಮಿ.ಲೀ. ಜುನ್ಮಾಯಿ ಸಾಕೆ (ಹೊರಗಿನ ಮದ್ಯಸಾರ ಬೆರೆಸದ ಸಾಕೆ) ಸೇರಿಸಿ, ಐಸಿನ ಮೇಲೆ ಕಲಕಿ ಸೋಸಿ, ತೆಳುವಾದ ಸೌತೆಕಾಯಿ ಬಿಲ್ಲೆಯೊಂದನ್ನು ತೇಲಿಬಿಟ್ಟರೆ ಸಾಕು. ಹಣ್ಣಿನ ಪರಿಮಳದ ಗಿಂಜೋ ಸಾಕೆಯನ್ನು ಇದಕ್ಕೆ ಬಳಸುವುದು ದುಂದು; ಜಿನ್ನಿನ ಘಾಟಿನಲ್ಲಿ ಆ ಪರಿಮಳ ಅಡಗಿಹೋಗುತ್ತದೆ.

ನನಗೆ ಹೆಚ್ಚು ಕೆಲಸ ಕೊಟ್ಟದ್ದು, ಸಂತೋಷವನ್ನೂ ಕೊಟ್ಟದ್ದು, ಇಲ್ಲಿನ ಸಿಹಿಗೆಣಸಿನ ಶೋಚು. ಇದು ಭಟ್ಟಿಯಿಳಿಸಿದ ಮದ್ಯ, ಬಹುಮಟ್ಟಿಗೆ ಶೇ 25ರ ಬಲದ್ದು. ಹೂಗಳಲ್ಲೂ ಕಿತ್ತಳೆ ಜಾತಿಯ ಹಣ್ಣುಗಳಲ್ಲೂ ಕಂಡುಬರುವ ಲಿನಲೂಲ್, ಜೆರಾನಿಯಾಲ್‌ನಂಥ ಸುಗಂಧ ದ್ರವ್ಯಗಳು ಇದರಲ್ಲಿವೆ. ಆದ್ದರಿಂದಲೇ ಯುಜು ಎಂಬ ನಿಂಬೆ ಜಾತಿಯ ಹಣ್ಣಿನ ಅಥವಾ ಗ್ರೇಪ್‌ಫ್ರೂಟಿನ ಸಿಪ್ಪೆಯೊಂದಿಗೆ ಅದು ಸಲೀಸಾಗಿ ಹೊಂದಿಕೊಳ್ಳುತ್ತದೆ. ಈ ಊರಿನವರು ಶೋಚುವಿಗೆ ಮುಂಚಿತವಾಗಿಯೇ ನೀರು ಬೆರೆಸಿಟ್ಟು, ಕುರೋಜೋಕಾ ಎಂಬ ಕಪ್ಪು ಮಣ್ಣಿನ ಪಾತ್ರೆಯಲ್ಲಿ ಬೆಚ್ಚಗೆ ಮಾಡಿ ಕುಡಿಯುತ್ತಾರೆ. ಮಯೆವಾರಿ ಎಂದು ಕರೆಯುವ ಈ ಕ್ರಮವನ್ನೇ ನಾನು ತಣ್ಣನೆಯ ಪಾನೀಯಕ್ಕೆ ಅಳವಡಿಸಿಕೊಂಡೆ. 300 ಮಿ.ಲೀ. ಶೋಚುವಿಗೆ 100 ಮಿ.ಲೀ. ಮೃದುವಾದ ನೀರು ಸೇರಿಸಿ, ಬಾಟಲಿಯನ್ನು ಬಿಗಿಯಾಗಿ ಮುಚ್ಚಿ, ಒಂದೆರಡು ದಿನ ಫ್ರಿಜ್ಜಿನಲ್ಲಿ ಇಡುತ್ತೇನೆ. ಐಸ್ ಕರಗಿ ಎಷ್ಟು ನೀರು ಸೇರಿತು ಎಂಬ ಅಂದಾಜಿನ ಕೆಲಸ ಇಲ್ಲಿಲ್ಲ. ಬಲ ಶೇ 19ರ ಆಸುಪಾಸಿನಲ್ಲಿ ನಿಲ್ಲುತ್ತದೆ, ಹೊಸ ಶೋಚುವಿನ ಒರಟುತನವೂ ನಾಲಿಗೆಗೆ ಅಷ್ಟಾಗಿ ತಾಗುವುದಿಲ್ಲ. ಇದನ್ನು ಐಸಿಲ್ಲದೆ ಚಿಕ್ಕ ಗ್ಲಾಸಿಗೆ ಬಗ್ಗಿಸಿ, ಗ್ರೇಪ್‌ಫ್ರೂಟ್ ಸಿಪ್ಪೆಯ ಎಣ್ಣೆಯನ್ನು ಮೇಲೆ ಹಿಂಡಿ ಕೊಡುತ್ತೇನೆ. ಗೆಣಸಿನ ವಾಸನೆ ಒಗ್ಗದವರಿಗೆ ಬಾರ್ಲಿ ಶೋಚು, ಯುಜು ರಸ, ಸೋಡಾ ಸಾಕು. ಅದರಲ್ಲಿ ಹೇಳಬೇಕಾದ ವಿಶೇಷವೇನೂ ಇಲ್ಲ.

ಉಮೆ ಎಂಬ ಹುಳಿ ಕಾಯಿಯನ್ನು ಸಕ್ಕರೆಯೊಂದಿಗೆ ಮದ್ಯದಲ್ಲಿ ನೆನೆಹಾಕಿ ಮಾಡುವ ಉಮೆಶುವನ್ನು ನಾನೇ ಹಾಕಿಡುತ್ತೇನೆ. ಜಪಾನಿನ ಕಾನೂನಿನ ಪ್ರಕಾರ ಮನೆಯಲ್ಲಿ ಹಣ್ಣು ನೆನೆಹಾಕಲು ಬಳಸುವ ಮದ್ಯ ಕನಿಷ್ಠ ಶೇ 20ರ ಬಲದ್ದಾಗಿರಬೇಕು, ದ್ರಾಕ್ಷಿಯನ್ನು ನೆನೆಹಾಕುವಂತೆಯೇ ಇಲ್ಲ. ಶೇ 35ರ ವೈಟ್ ಲಿಕರ್ (ಹೆಚ್ಚು ವಾಸನೆಯಿಲ್ಲದ ಶೋಚು) 1.8 ಲೀಟರ್, ಹಸಿರು ಉಮೆ ಕಾಯಿ ಒಂದು ಕಿಲೋ, ಕಲ್ಲುಸಕ್ಕರೆ ಅರ್ಧ ಕಿಲೋಗಿಂತ ತುಸು ಹೆಚ್ಚು, ಇದು ನನ್ನ ಅಳತೆ. ಸಕ್ಕರೆ ಅದರಲ್ಲೇ ಇರುವುದರಿಂದ ಕಾಕ್‌ಟೇಲಿಗೆ ಪಾಕ ಸೇರಿಸುವ ಅಗತ್ಯವಿಲ್ಲ, 30 ಮಿ.ಲೀ. ಉಮೆಶುವಿಗೆ ಅಷ್ಟೇ ಶೋಚು ಮತ್ತು 10 ಮಿ.ಲೀ. ನಿಂಬೆರಸ ಸೇರಿಸಿ ಕುಲುಕಿದರೆ, ಊಟಕ್ಕೆ ಮೊದಲು ಕೊಡಬಹುದಾದಷ್ಟು ಹುಳಿ ಉಳಿಯುತ್ತದೆ.