ಬೆಟ್ಟ ಹತ್ತಿ ಕಾಯಿಲೆಗಳ ಸಂಶೋಧನೆಗೆ ಹಣ ಕೂಡಿಸುವವರಿಗೆ

ಬೆಟ್ಟ ಆರಿಸುವ ಮೊದಲೇ ಒಂದು ವಿಷಯ ತೀರ್ಮಾನ ಮಾಡಿಕೊಳ್ಳಿ. ಜನ ಕೊಡುವ ಹಣಕ್ಕೂ ನೀವು ತುದಿ ಮುಟ್ಟುವುದಕ್ಕೂ ಗಂಟು ಹಾಕಬೇಡಿ. "ತುದಿ ತಲುಪಿದರೆ ಇಷ್ಟು ಕೊಡ್ತೀನಿ", "ಸಾವಿರ ಮೀಟರಿಗೆ ಇಷ್ಟು" ಎನ್ನುವವರು ಸಿಗುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ನಾನು ಮಾತ್ರ ಒಪ್ಪುವುದಿಲ್ಲ. ಮೇಲೆ ತಲೆ ಸಿಡಿಯುತ್ತಿರುವಾಗ "ಈಗ ಇಳಿದರೆ ಆ ಹಣ ಹೋಯ್ತು" ಅನ್ನಿಸಿದರೆ ಯಾರೂ ಬೇಗ ಇಳಿಯುವುದಿಲ್ಲ. ಪ್ರಾಣಕ್ಕೆ ಅಪಾಯ ಬರುವುದೇ ಅಲ್ಲಿ.

ನಮ್ಮ ಅಪ್ಪನಿಗೆ ಪಾರ್ಕಿನ್ಸನ್ ಕಾಯಿಲೆ. ಅಂಗಿಯ ಗುಂಡಿ ಹಾಕಿಕೊಳ್ಳುವುದಕ್ಕೇ ಅವರಿಗೆ ಬಹಳ ಹೊತ್ತು ಬೇಕು. ಈಗಿನ ಮಾತ್ರೆಗಳು ನಡುಕ, ಬಿಗಿತ ಕಡಿಮೆ ಮಾಡುತ್ತವೆ, ಕಾಯಿಲೆ ಬೆಳೆಯುವುದನ್ನು ನಿಲ್ಲಿಸುವುದಿಲ್ಲ. ನಿಲ್ಲಿಸುವ ಔಷಧಿ ಹುಡುಕಲಿ ಅಂತ ನಾನು ಹಣ ಕೇಳುತ್ತೇನೆ. ನೀವೂ ಒಂದೇ ಕಾಯಿಲೆ ಹಿಡಿದುಕೊಳ್ಳಿ. ಸುಮ್ನೆ "ಆರೋಗ್ಯಕ್ಕಾಗಿ" ಅಂದರೆ ಯಾರ ಮನಸ್ಸಿಗೂ ತಟ್ಟುವುದಿಲ್ಲ.

ಆಮೇಲೆ ಹಣ ಪಡೆಯುವ ಸಂಸ್ಥೆಯನ್ನು ಕೇಳಿ: ಈ ಹಣ ಸಂಶೋಧನೆಗೇ ಮೀಸಲೋ, ರೋಗಿಗಳ ಆರೈಕೆಗೂ ಹೋಗುತ್ತದೋ? ಎರಡೂ ಒಳ್ಳೆಯ ಕೆಲಸವೇ. ಆದರೆ ಕೊಡುವವರಿಗೆ ಗೊತ್ತಿರಬೇಕು ಅಲ್ವಾ? ಉತ್ತರ ಬರಹದಲ್ಲಿರಲಿ. ಹಣ ನೇರವಾಗಿ ಸಂಸ್ಥೆಯ ಖಾತೆಗೆ ಹೋಗಲಿ, ನಿಮ್ಮ ಖಾತೆಗೆ ಬೇಡ. ಪ್ರಯಾಣ, ಪರ್ಮಿಟ್, ಗೈಡ್, ವಿಮೆ ಎಲ್ಲ ನಿಮ್ಮ ಸ್ವಂತ ಖರ್ಚು. ಕೆಲವು ಸಂಸ್ಥೆಗಳು ಕೂಡಿಸಿದ ಹಣದಲ್ಲೇ ಪ್ರವಾಸದ ವೆಚ್ಚ ಕಳೆಯುತ್ತವೆ. ಹಾಗಿದ್ದರೆ ಹಣ ಕೇಳುವ ಮೊದಲ ಸಾಲಿನಲ್ಲೇ ಅದನ್ನು ಹೇಳಿಬಿಡಿ.

ಈಗ ಬೆಟ್ಟ. ಇಂಥ ಕೆಲಸಕ್ಕೆ ಬಹಳ ಜನ ತಾಂಜಾನಿಯದ ಕಿಲಿಮಂಜಾರೊ ಆರಿಸುತ್ತಾರೆ. ಎತ್ತರ 5,895 ಮೀಟರ್. ಸಾಮಾನ್ಯ ದಾರಿಗಳಲ್ಲಿ ಹಗ್ಗ ಹಿಡಿದು ಹತ್ತುವ ಕೆಲಸವಿಲ್ಲ, ಅದಕ್ಕೇ ಸುಲಭ ಅಂದುಕೊಳ್ಳುತ್ತಾರೆ. ಆದರೆ ತುದಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಅರ್ಧದಷ್ಟೇ. ಐದು ದಿನದ ಪ್ಯಾಕೇಜ್ ಅಗ್ಗ ಅಂತ ತೆಗೆದುಕೊಳ್ಳಬೇಡಿ. ಲೆಮೋಶೋ ದಾರಿಯಲ್ಲಿ ಏಳೆಂಟು ದಿನ ಹಿಡಿಯುತ್ತದೆ, ಮೈ ಎತ್ತರಕ್ಕೆ ಹೊಂದಿಕೊಳ್ಳುವುದಕ್ಕೆ ಸಮಯ ಸಿಗುತ್ತದೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ವಿಶ್ರಾಂತಿ ಬೇಕು ಅನ್ನುವುದು ವೈದ್ಯರ ಸಲಹೆ. ಕಿಲಿಮಂಜಾರೊದ ಬಹುತೇಕ ವೇಳಾಪಟ್ಟಿಗಳು ಇದನ್ನು ಮೀರುತ್ತವೆ. ಅದಕ್ಕೇ ಒಂದು ದಿನ ಹೆಚ್ಚಿಗೆ ಕೇಳಿ ಪಡೆಯಿರಿ.

ತಲೆನೋವು, ವಾಕರಿಕೆ ಬಂದರೆ ಅಲ್ಲೇ ನಿಲ್ಲಿ. ನಡಿಗೆ ತೂರಾಡಿದರೆ, ಮಾತು ಗೊಂದಲವಾದರೆ, ಕೂತಾಗಲೂ ಉಸಿರು ಕಟ್ಟಿದರೆ ರಾತ್ರಿಯಾದರೂ ತಕ್ಷಣ ಇಳಿಯಬೇಕು. ಮಿದುಳಲ್ಲೋ ಶ್ವಾಸಕೋಶದಲ್ಲೋ ನೀರು ತುಂಬುತ್ತಿರಬಹುದು. ಎತ್ತರದ ಕಾಯಿಲೆ ತಡೆಯಲು ಬಳಸುವ ಡೈಮಾಕ್ಸ್ ಮಾತ್ರೆ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ. ನಿಮ್ಮ ವಿಮೆ ಯಾವ ಎತ್ತರದವರೆಗೆ ಅನ್ವಯಿಸುತ್ತದೆ, ಹೆಲಿಕಾಪ್ಟರ್ ಖರ್ಚು ಸೇರಿದೆಯೇ ನೋಡಿ.

"ಬೆಟ್ಟಕ್ಕೂ ಔಷಧಿಗೂ ಏನು ಸಂಬಂಧ?" ಅಂತ ಕೇಳುವವರಿರುತ್ತಾರೆ. ಕೆಲವೊಮ್ಮೆ ನೇರ ಸಂಬಂಧವೇ ಇರುತ್ತದೆ. 2007ರಲ್ಲಿ ಒಂದು ವೈದ್ಯರ ತಂಡ ಎವರೆಸ್ಟ್‌ನಿಂದ ಇಳಿಯುತ್ತಾ 8,400 ಮೀಟರ್ ಎತ್ತರದಲ್ಲಿ ತಮ್ಮದೇ ತೊಡೆಯಿಂದ ರಕ್ತ ತೆಗೆದು ಆಮ್ಲಜನಕ ಅಳೆಯಿತು. ಐಸಿಯು ರೋಗಿಗಳ ದೇಹ ಆಮ್ಲಜನಕದ ಕೊರತೆಯನ್ನು ಹೇಗೆ ತಡೆದುಕೊಳ್ಳುತ್ತದೆ ಎಂದು ತಿಳಿಯುವುದು ಅವರ ಉದ್ದೇಶ. ನಮ್ಮಂಥವರ ಹತ್ತುವಿಕೆ ಸಂಶೋಧನೆಯಲ್ಲ. ಜನ ಎರಡು ನಿಮಿಷ ನಿಂತು ಅಪ್ಪನ ಕಾಯಿಲೆಯ ಬಗ್ಗೆ ಕೇಳಲಿ ಅಂತ ನಾನು ಹತ್ತುತ್ತೇನೆ, ಹಾಗೆಂದೇ ಹೇಳುತ್ತೇನೆ.

ವಾಪಸ್ ಬಂದ ವಾರದೊಳಗೆ ಕೊಟ್ಟವರಿಗೆಲ್ಲ ಬರೆಯಿರಿ: ಎಷ್ಟು ಕೂಡಿತು, ಸಂಸ್ಥೆಯ ರಸೀದಿ, ನೀವು ಎಲ್ಲಿವರೆಗೆ ಹೋದಿರಿ. ನಡುವೆ ಇಳಿದಿದ್ದರೆ ಎಲ್ಲಿ, ಯಾಕೆ ಅನ್ನುವುದೂ ಇರಲಿ.