ಕೆಲಸ ಬಿಡದೆ ಅಂತರರಾಷ್ಟ್ರೀಯ ಸಂಬಂಧ ಓದುವುದು ಹೇಗೆ?

ಚಿಕ್ಕಮಗಳೂರಿನಲ್ಲಿ ಕೆಲಸ ಮಾಡುತ್ತಲೇ ಅಂತರರಾಷ್ಟ್ರೀಯ ಸಂಬಂಧ ಓದಬಹುದಾ? ಖಂಡಿತ ಓದಬಹುದು. ದೆಹಲಿಗೇ ಹೋಗಬೇಕೆಂದಿಲ್ಲ. ಕೆಲಸದ ಅನುಭವಕ್ಕೂ ಊರು ಬಿಡಬೇಕಿಲ್ಲ. ನಮ್ಮ ದೇಶದ ಕಾಫಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರದೇಶಕ್ಕೆ ಹೋಗುತ್ತದೆ, ಅಲ್ವಾ? ಆ ವ್ಯವಹಾರ ನಡೆಯುವ ಜಾಗದಲ್ಲೇ ನಾವಿದ್ದೇವೆ.

ಮೊದಲು ಕೋರ್ಸ್ ಆರಿಸಿ. ಪದವಿ ಮುಗಿಸಿದವರಿಗೆ ಇಗ್ನೋದ (ಮನೆಯಲ್ಲೇ ಓದಬಹುದಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಎಂ.ಎ. ರಾಜ್ಯಶಾಸ್ತ್ರ ಒಳ್ಳೆಯ ದಾರಿ. ಅಂತರರಾಷ್ಟ್ರೀಯ ಸಂಬಂಧಗಳ ಪತ್ರಿಕೆ ಅದರಲ್ಲಿದೆ. 2 ವರ್ಷದಲ್ಲಿ ಮುಗಿಸಬಹುದು, ಆಗದಿದ್ದರೆ 4 ವರ್ಷದವರೆಗೂ ಅವಕಾಶವಿದೆ. ಕನ್ನಡದಲ್ಲೇ ಬರೆಯುವ ಆಸೆ ಇದ್ದರೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ವಿಚಾರಿಸಿ. ಬೇರೆ ಯಾವುದಕ್ಕೇ ದುಡ್ಡು ಕಟ್ಟುವ ಮೊದಲು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಒಪ್ಪಿಗೆ ಇದೆಯೇ ನೋಡಿಕೊಳ್ಳಿ.

ಆಮೇಲೆ ಕ್ಯಾಲೆಂಡರ್. ಇದನ್ನು ಯಾರೂ ಹೇಳಿಕೊಡುವುದಿಲ್ಲ. ಇಗ್ನೋ ಪರೀಕ್ಷೆಗಳು ಜೂನ್ ಮತ್ತು ಡಿಸೆಂಬರ್‌ನಲ್ಲಿ ನಡೆಯುತ್ತವೆ. ಡಿಸೆಂಬರ್ ಅಂದರೆ ಅರೇಬಿಕಾ ಕೊಯ್ಲಿನ ಭರಾಟೆ. ತೋಟದ ಲೆಕ್ಕ ನೋಡಿಕೊಳ್ಳುವ ರೈಟರ್‌ಗೆ ಆಗ ರಜೆ ಸಿಗುವುದು ಕಷ್ಟ. ಜೂನ್ ಪರೀಕ್ಷೆಗೆ ಹೊಂದುವಂತೆ ಸೇರಿಕೊಳ್ಳಿ. ಅಸೈನ್‌ಮೆಂಟನ್ನು ಮಾತ್ರ ಮುಂಚೆಯೇ ಬರೆದಿಡಿ.

ಈಗ ಮುಖ್ಯ ವಿಷಯ, ಇಂಟರ್ನ್‌ಶಿಪ್. ದೂರಶಿಕ್ಷಣದಲ್ಲಿ ಅದು ತಾನಾಗಿ ಬರುವುದಿಲ್ಲ, ನೀವೇ ಕೇಳಿ ಪಡೆಯಬೇಕು. ಕಾಫಿ ರಫ್ತು ಮಾಡುವ ಕ್ಯೂರಿಂಗ್ ವರ್ಕ್ಸ್‌ಗೆ (ಕಾಫಿ ಬೀಜದ ಸಿಪ್ಪೆ ತೆಗೆದು ವಿಂಗಡಿಸುವ ಕಾರ್ಖಾನೆ) ಹೋಗಿ, ರಫ್ತಿನ ಕಾಗದಪತ್ರ ನೋಡಿಕೊಳ್ಳುವವರನ್ನೇ ಭೇಟಿ ಮಾಡಿ. ‘ಏನಾದರೂ ಕೆಲಸ ಕೊಡಿ ಸರ್’ ಎಂದು ಸುಮ್ನೆ ಕೇಳಬೇಡಿ. ‘ವಾರಕ್ಕೆ ಒಂದು ದಿನ ಬರುತ್ತೇನೆ, ಫೈಲ್ ಜೋಡಿಸಿಕೊಡುತ್ತೇನೆ’ ಎನ್ನಿ. ಹೊರೆ ಇಳಿಸುವವರನ್ನು ಯಾರೂ ಬೇಡ ಅನ್ನುವುದಿಲ್ಲ.

ಅಲ್ಲಿ ಒಂದೇ ಒಂದು ಕಂಟೇನರ್‌ನ ಫೈಲ್ ಹಿಡಿದು ಕೂರಿ. ಇನ್‌ವಾಯ್ಸ್, ಬಿಲ್ ಆಫ್ ಲೇಡಿಂಗ್ (ಸರಕು ಹಡಗಿಗೆ ಹತ್ತಿದ್ದಕ್ಕೆ ರಸೀದಿ), ಕಾಫಿ ಯಾವ ದೇಶದ್ದೆಂದು ಹೇಳುವ ಕಾಫಿ ಮಂಡಳಿಯ ಪ್ರಮಾಣಪತ್ರ, ಕೀಟ–ರೋಗ ಇಲ್ಲವೆಂಬ ಸಸ್ಯ ಆರೋಗ್ಯ ಪ್ರಮಾಣಪತ್ರ. ಪ್ರತಿ ಕಾಗದವನ್ನು ಯಾವ ದೇಶ ಕೇಳಿತು, ಯಾಕೆ ಕೇಳಿತು ಎಂದು ಬರೆದುಕೊಳ್ಳಿ. ಯುರೋಪ್ ಒಕ್ಕೂಟದ 2023ರ ಅರಣ್ಯನಾಶ ತಡೆ ಕಾನೂನನ್ನೇ ನೋಡಿ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿಯನ್ನು ಅದು ಒಳಗೆ ಬಿಡುವುದಿಲ್ಲ. ತೋಟ ಎಲ್ಲಿದೆ ಎಂಬ ಅಕ್ಷಾಂಶ–ರೇಖಾಂಶವನ್ನೂ ಕೇಳುತ್ತದೆ. ಜಾರಿಯ ದಿನ ಮುಂದಕ್ಕೆ ಹೋಗಿದ್ದರೂ ವಿಷಯ ಸತ್ತಿಲ್ಲ. ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್‌ನಲ್ಲಿ ಮಾಡಿದ ಕಾನೂನಿಗೆ ಮೂಡಿಗೆರೆಯ ಎರಡೆಕರೆ ರೈತ ಉತ್ತರ ಕೊಡಬೇಕಾಗುತ್ತದೆ. ಇದು ನ್ಯಾಯವೇ? ಕಾಡು ಉಳಿಸುವ ಹೊಣೆ ಯಾರದು, ಖರ್ಚು ಯಾರದು? ಈ ಪ್ರಶ್ನೆ ಹಿಡಿದು ಓದಿದರೆ ಪಠ್ಯದ ಸಿದ್ಧಾಂತಗಳಿಗೆ ಜೀವ ಬರುತ್ತದೆ.

ಹಾಸನದವರಿಗೆ ಜವಳಿ ರಫ್ತು ಘಟಕಗಳೂ ಇವೆ. ಅಲ್ಲಿ ಅಮೆರಿಕದ ಸುಂಕದ ಮೇಲೆ ಕಣ್ಣಿಡಿ.

ಕಂಪನಿ ಮಾರುವ ಬೆಲೆ, ಗ್ರಾಹಕರ ಹೆಸರು ಹೊರಗೆ ಹೇಳಬೇಡಿ, ಫೋಟೊ ತೆಗೆಯಬೇಡಿ. ಬಿಡುವಾಗ ಲೆಟರ್‌ಹೆಡ್‌ನಲ್ಲಿ ಪತ್ರ ಪಡೆಯಿರಿ. ‘ಚೆನ್ನಾಗಿ ಕೆಲಸ ಮಾಡಿದರು’ ಎಂದಷ್ಟೇ ಇದ್ದರೆ ಸಾಲದು. ಯಾವ ದಿನಾಂಕದಿಂದ ಎಲ್ಲಿಯವರೆಗೆ, ಯಾವ ಯಾವ ದಾಖಲೆ ಸಿದ್ಧಪಡಿಸಿದಿರಿ ಎಂಬುದು ಅದರಲ್ಲಿ ಇರಲೇಬೇಕು.